ಜೋಗಕ್ಕೆ ಎಷ್ಟು ಮೈಲಿ

ನನ್ನ ಹೆಂಡತಿಯ ಕಣ್ಣು ದಿನೇ ದಿನೇ ಮಂಜಾಗುತ್ತಿದ್ದವು. ಪೂರ್ತಿ ಹೋಗುವ ಮೊದಲು ಒಮ್ಮೆ ಜೋಗ ನೋಡಬೇಕೆಂಬುದು ಆಕೆಯ ಆಸೆ. ಅದಕ್ಕಾಗಿ ಹೊನ್ನಾವರದ ಸಮುದ್ರದ ದಂಡೆಯಲ್ಲಿ ಎರಡು ದಿನ ಬಿಡಾರ ಮಾಡಿದೆವು. ಜೋಗಕ್ಕೆ ಎಷ್ಟು ಮೈಲಿ ಎಂದು ವಿಚಾರಿಸಿದೆ. ಹೆಚ್ಚು ಕಡಿಮೆ ನಮ್ಮ ಇಂಡಿಯಿಂದ ವಿಜಾಪುರಕ್ಕಿದ್ದಷ್ಟೇ, ಒಂದೂವರೆ ತಾಸಿನ ಹಾದಿ. ಲಿಂಗಪೂಜೆ, ಊಟ ಸಾವಕಾಶ ಮುಗಿಸಿ ಹೊರಟರೂ ಸಂಜೆಗೆ ತಿರುಗಿ ಬರಬಹುದೆಂದು ಬೆಳಗಿನ ಬಸ್ಸು ಬಿಟ್ಟೆ.

ಸಂಜೆಗೆ ತಿರುಗಿ ಬರಬಹುದಲ್ಲ ಎಂದು ಕೇಳಿದರೆ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ನಕ್ಕುಬಿಟ್ಟ.

“ಇದು ನಿಮ್ಮ ಬಯಲಲ್ಲ ಮಾರಾಯ್ರೇ, ಘಟ್ಟ. ಮುಟ್ಟುವಾಗ ಕತ್ತಲೆ. ತಿರುಗಿ ಬರುವ ಬಸ್ಸು ನಾಳೆಯೇ.”

“ನಾಳೆ ಮುಂಜಾನೆ ಊರಿಗೆ ಹೋಗಬೇಕ್ರಿ, ನಾಡಿದ್ದ ಮಗಳ ನಿಶ್ಚಯ ಐತಿ. ಸ್ವಲ್ಪ ಲಗೂ ಹೊಡಸ್ರಿ.”

“ಬಸ್ಸಿಗೆ ರೆಕ್ಕೆ ಕಟ್ಟಲಾ? ಕತ್ತಲೆಯಲ್ಲಿ ಹೋಗಿ ಏನು ನೋಡ್ತೀರಿ?”

ಬಸ್ಸು ಹೋಯಿತು. ಬಿಡಾರಕ್ಕೆ ಮರಳಿ ದಂಡೆಯ ಉಸುಕಿನ ಮೇಲೆ ಕುಳಿತೆವು. ನನಗೆ ಮುಖ ಎತ್ತಲಾಗಲಿಲ್ಲ.

ಆಕೆ ಕಣ್ಣು ಮುಚ್ಚಿಕೊಂಡು, “ನೀರಿನ ಸಪ್ಪಳ ಕೇಳ್ರಿ. ಜೋಗನೂ ಹಿಂಗ ಇರಬೇಕು” ಎಂದಳು.

ಆ ವರ್ಷವೇ ಆಕೆಯ ಕಣ್ಣು ಹೋದವು. ಜೋಗ ಹೆಂಗಿತ್ತು ಎಂದು ಕೇಳಿದವರಿಗೆಲ್ಲ ಆಕೆಯೇ ವರ್ಣಿಸಿ ಹೇಳುತ್ತಾಳೆ. ಎಷ್ಟು ಮೈಲಿ ಎಂದು ಕೇಳಿದರೆ ಮಾತ್ರ ನನ್ನ ಕಡೆ ಕೈ ತೋರಿಸುತ್ತಾಳೆ.