ತೆಂಗಿನಗುಂಡಿ ಶೆಡ್ಡಿನ ಪಾಸ್‌ವರ್ಡ್

ನನಗೆ ಸಂಬಳ ಕೊಡುವುದು ಲೆಕ್ಕ ಬರೆಯಲು, ವೈಫೈ ನೋಡಿಕೊಳ್ಳಲು ಅಲ್ಲ. ಆದರೆ ಹೊನ್ನಾವರದ ನಮ್ಮ ಮೀನು ವ್ಯಾಪಾರದ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು ನಾನೊಬ್ಬಳೇ. ಹಾಗಾಗಿ ಸಾಹುಕಾರರು, "ಅದನ್ನೂ ನೀನೇ ನೋಡ್ಕೊ ಮಾರಾಯ್ತಿ" ಎಂದು ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಕಡೆಯ ವೈಫೈಯನ್ನು ನನ್ನ ತಲೆಗೆ ಕಟ್ಟಿಬಿಟ್ಟರು. ಬೇಡ ಅನ್ನಲಿಕ್ಕೆ ಬಾಯಿ ತೆರೆಯುವುದರೊಳಗೆ ಅವರು ಫೋನು ಹಿಡಿದು ಹೊರಗೆ ಹೋಗಿಯಾಗಿತ್ತು.

ಮಂಡೆಬಿಸಿ ಎಲ್ಲ ಭಟ್ಕಳದ ಕಡೆಯದು. ತೆಂಗಿನಗುಂಡಿಯಲ್ಲಿ ನಮ್ಮದೊಂದು ಶೆಡ್ಡು ಇದೆ. ಬೋಟಿನಿಂದ ಇಳಿದ ಮೀನು ಅಲ್ಲಿ ತೂಕವಾಗಿ, ಐಸು ಹಾಕಿಸಿಕೊಂಡು ಲಾರಿ ಹತ್ತುತ್ತದೆ. ತೂಕದ ಹತ್ತಿರ ಕೂರುವವರು ಒಬ್ಬ ಅಕ್ಕ. ಗಂಡ ತೀರಿಕೊಂಡ ಮೇಲೆ ಅವರ ಮನೆ ನಡೆದದ್ದೇ ಆ ಕೆಲಸದಿಂದ. ಮೊದಲು ತೂಕವನ್ನು ಫೋನಿನಲ್ಲಿ ಕೂಗಿ ಹೇಳುತ್ತಿದ್ದರು, ನಾನು ಇಲ್ಲಿ ಬರೆದುಕೊಳ್ಳುತ್ತಿದ್ದೆ. ಸಾಹುಕಾರರು ಹೊಸ ವ್ಯವಸ್ಥೆ ತಂದರು. ಅಕ್ಕ ಒಂದು ಟ್ಯಾಬ್ಲೆಟ್ಟಿನಲ್ಲಿ ತೂಕ ಒತ್ತಬೇಕು, ಅದು ಶೆಡ್ಡಿನ ವೈಫೈ ಹಿಡಿದು ನನ್ನ ಕಂಪ್ಯೂಟರಿಗೆ ಬರಬೇಕು, ಲಾರಿ ಹೊರಡುವುದರೊಳಗೆ ಬಿಲ್ಲು ಆಗಬೇಕು.

ಮಳೆಗಾಲದಲ್ಲಿ ಬೋಟುಗಳೆಲ್ಲ ದಡದಲ್ಲಿದ್ದವು. ಪುರುಸೊತ್ತಿನ ಕಾಲ, ಇದೇ ಒಳ್ಳೆಯ ಸಮಯ ಎಂದು ಕುಮಟಾದಿಂದ ನೆಟ್‌ವರ್ಕಿನವನನ್ನು ಕರೆಸಿದೆವು. ಪಾಪ, ಮನಸ್ಸಿಟ್ಟು ಮಾಡಿದ. ಲ್ಯಾಪ್‌ಟಾಪ್ ಹಿಡಿದು ಶೆಡ್ಡಿನ ಮೂಲೆ ಮೂಲೆ ತಿರುಗಿದ. ಅವನು ನಡೆದಲ್ಲೆಲ್ಲ ಪರದೆಯ ಮೇಲಿನ ನಕ್ಷೆ ಹಸಿರಾಗುತ್ತ ಹೋಯಿತು. ಗೋಡೆಯಲ್ಲಿ ಪ್ಲಗ್ಗು ಇದ್ದ ಕಡೆ, ಎದೆಮಟ್ಟಕ್ಕೆ, ವೈಫೈ ಡಬ್ಬಿ ಕೂರಿಸಿದ. "ಇಲ್ಲಿ ಎಲ್ಲಿ ನಿಂತ್ರೂ ಸಿನಿಮಾ ನೋಡ್ಬಹುದು ಮೇಡಂ" ಅಂದ. ಭದ್ರವಾಗಿರಲಿ ಎಂದು ಉದ್ದದ ಪಾಸ್‌ವರ್ಡ್ ಇಟ್ಟ. ಅದು ನನಗೆ ಮತ್ತು ಅಕ್ಕನಿಗೆ ಮಾತ್ರ ಗೊತ್ತಿರಬೇಕು ಎಂದು ಸಾಹುಕಾರರ ಕಟ್ಟಪ್ಪಣೆಯಾಯಿತು.

ಮೀನಿನ ಹಂಗಾಮು ಶುರುವಾಗಿ, ಸಮುದ್ರಕ್ಕೆ ಪೂಜೆಯ ತೆಂಗಿನಕಾಯಿ ಬಿಟ್ಟು ಬೋಟುಗಳು ಇಳಿದವು. ಮೀನು ಬಂತು, ನೆಟ್ಟು ಹೋಯಿತು.

ಪೂರ್ತಿ ಹೋಗಿದ್ದರೆ ನಾನು ಇಷ್ಟು ಒದ್ದಾಡುತ್ತಿರಲಿಲ್ಲ. ಬೆಳಿಗ್ಗೆ ಇರುತ್ತಿತ್ತು. ಬೋಟು ಬಂದು ಗದ್ದಲ ಏರಿದ ಹಾಗೆ ಟ್ಯಾಬ್ಲೆಟ್ಟಿನಲ್ಲಿ ಒಂದು ಚಕ್ರ ಸುತ್ತಲು ಶುರುವಾಗುತ್ತಿತ್ತು, ಸುತ್ತಿದ್ದೇ ಸುತ್ತಿದ್ದು. ಲಾರಿ ಹೋಗಿ ಶೆಡ್ಡು ತೊಳೆದ ಮೇಲೆ ಮತ್ತೆ ಪ್ರತ್ಯಕ್ಷ! ನೆಟ್‌ವರ್ಕಿನವನು ಕೆಲಸ ಮುಗಿಸಿ ಕುಮಟಾದಿಂದ ಬಂದು ಮುಟ್ಟುವಾಗ ಸಂಜೆಯಾಗುತ್ತಿತ್ತು. ನೋಡಿದರೆ ಎಲ್ಲ ಹಸಿರು. "ಸರಿ ಉಂಟಲ್ಲ ಮೇಡಂ?" ಎಂದು ಅಲ್ಲಿಂದಲೇ ಫೋನು ಮಾಡಿ ಒಂಥರಾ ಕೇಳುತ್ತಿದ್ದ. ನಾನೇ ಸುಳ್ಳು ಹೇಳುತ್ತಿದ್ದೇನೋ ಎಂದು ನನಗೇ ಅನುಮಾನ ಬರತೊಡಗಿತು.

ಅಷ್ಟರಲ್ಲಿ ಸಾಹುಕಾರರು ಒಂದು ದಿನ ಶೆಡ್ಡಿಗೆ ಹೋದರು. ಮೀನು ಕೊಳ್ಳಲು ಬುಟ್ಟಿ ಹಿಡಿದು ಕಾಯುತ್ತಿದ್ದ ಹೆಂಗಸರೆಲ್ಲ ಫೋನಿನಲ್ಲಿ ವಿಡಿಯೋ ನೋಡುತ್ತಿದ್ದರಂತೆ. ನೆಟ್ಟು ಎಲ್ಲಿಯದು ಎಂದು ಕೇಳಿದರೆ, "ನಿಮ್ಮದೇ ಅಲ್ದಾ, ಅಕ್ಕ ಕೊಟ್ರು" ಅಂದರಂತೆ. ಸಾಹುಕಾರರು ಉರಿದುಬಿದ್ದರು. "ಊರಿಗೆಲ್ಲ ಹಂಚಿದ್ರೆ ನೆಟ್ಟು ಎಲ್ಲಿ ಉಳೀತದೆ? ಅವಳಿಗೆ ಈ ಮಷಿನ್ನೇ ಬ್ಯಾಡಾಗಿತ್ತು, ಅದಕ್ಕೇ ಹಾಳ್ಮಾಡ್ತಿದ್ದಾಳೆ!"

ನಾನು ಅಕ್ಕನಿಗೆ ಫೋನು ಮಾಡಿದೆ. ಅವರು ಮುಚ್ಚಿಡಲೇ ಇಲ್ಲ.

"ಹೌದು ತಂಗಿ, ಕೊಟ್ಟೆ. ಹೊತ್ತುಗಟ್ಲೆ ಕಾದು ಕೂತವ್ರು ಕೇಳಿದ್ರು. ಬಾಗಿಲಿಗೆ ಬಂದವ್ರಿಗೆ ಆಸರಿಗೆ ಕೊಡುದಿಲ್ವಾ? ಇದೂ ಹಂಗೇ. ನಂದೆಂತ ಖರ್ಚಾಗ್ತದೆ?"

ಮನೆಗೆ ಬಂದವರಿಗೆ ಆಸರಿಗೆಂದು ಬೆಲ್ಲ-ನೀರು ಕೊಟ್ಟೇ ಮಾತಾಡಿಸುವ ಊರು ನಮ್ಮದು. ಪಾಸ್‌ವರ್ಡ್ ಬೆಲ್ಲವಲ್ಲ ಎಂದು ಯಾವ ಬಾಯಲ್ಲಿ ಹೇಳುವುದು! ಹೇಳಿದೆ, ಆದರೆ ನನಗೇ ಸಮಾಧಾನವಾಗಲಿಲ್ಲ.

ಅಕ್ಕ ಮರುದಿನದಿಂದ ಮನೆಯಲ್ಲಿರಬೇಕೆಂದು ಸಾಹುಕಾರರ ತೀರ್ಮಾನವಾಯಿತು. ಅವರಿಲ್ಲದೆ ನೆಟ್ಟು ಸರಿಯಾದರೆ ಮತ್ತೆ ಬರುವುದೇ ಬೇಡ. ತೂಕಕ್ಕೆ ಲಾರಿ ಡ್ರೈವರನ ಅಣ್ಣನನ್ನು ಕೂರಿಸಿದರು. ನಾನು ಬಸ್ಸು ಹತ್ತಿ ತೆಂಗಿನಗುಂಡಿಗೆ ಹೋಗಿ ಪಾಸ್‌ವರ್ಡ್ ಬದಲಿಸಿದೆ, ಯಾರಿಗೂ ಹೇಳಲಿಲ್ಲ. ಹೆಂಗಸರ ಫೋನುಗಳೆಲ್ಲ ತಣ್ಣಗಾದವು. ಅವರು ನನ್ನನ್ನು ನೋಡಿದ ನೋಟವನ್ನು ನಾನಿನ್ನೂ ಮರೆತಿಲ್ಲ.

ಬೋಟು ಬಂತು. ಚಕ್ರ ಸುತ್ತತೊಡಗಿತು.

ಅಯ್ಯೋ ದೇವರೇ! ನಮ್ಮ ಟ್ಯಾಬ್ಲೆಟ್ಟೊಂದು ಬಿಟ್ಟರೆ ಆ ವೈಫೈಯಲ್ಲಿ ಒಂದು ನರಪಿಳ್ಳೆ ಇಲ್ಲ. ಆದರೂ ನೆಟ್ಟು ಇಲ್ಲ ಅಂದರೆ ಇಲ್ಲ. ಸಾಹುಕಾರರಿಗೆ ಫೋನು ಮಾಡಿದರೆ, "ಅವಳೇ ಯಾರ ಹತ್ರವೋ ಹ್ಯಾಕ್ ಮಾಡ್ಸಿರಬೇಕು" ಎಂದರು. ಐಸು ಒಡೆಯುವವನು ದೃಷ್ಟಿಯಾಗಿದೆ ಎಂದು ಶೆಡ್ಡಿನ ಬಾಗಿಲಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ನಾನು ಬಿ.ಕಾಂ. ಓದಿದವಳು. ಬಿಚ್ಚು ಎನ್ನಲಿಲ್ಲ. ನನ್ನ ತಲೆ ಆ ಮಟ್ಟಕ್ಕೆ ಕೆಟ್ಟುಹೋಗಿತ್ತು.

ಅವತ್ತು ಬಂಗಡೆ ಸಿಕ್ಕಾಪಟ್ಟೆ ಬಿದ್ದಿತ್ತು. ಲಾರಿ ಬರುವುದು ತಡವಾಯಿತು. ಮೀನಿನ ಕ್ರೇಟುಗಳು ಗೋಡೆಯುದ್ದಕ್ಕೆ ತಲೆಯೆತ್ತರ ನಿಂತವು. ನಾನು ಟ್ಯಾಬ್ಲೆಟ್ ಹಿಡಿದು ಚಕ್ರವನ್ನೇ ನೋಡುತ್ತ ಕೂತಿದ್ದೆ. ಕೊನೆಗೆ ಲಾರಿ ಬಂತು, ಗೋಡೆ ಬದಿಯ ಕ್ರೇಟುಗಳನ್ನು ಎತ್ತತೊಡಗಿದರು. ಅವುಗಳ ಹಿಂದೆ ಮುಚ್ಚಿಹೋಗಿದ್ದ ವೈಫೈ ಡಬ್ಬಿ ಕಣ್ಣಿಗೆ ಬಿತ್ತು. ಚಕ್ರ ನಿಂತು, ಒತ್ತಿಟ್ಟಿದ್ದ ತೂಕವೆಲ್ಲ ಒಮ್ಮೆಲೇ ಹೋಯಿತು. ಇನ್ನೊಂದು ಬೋಟಿನ ಮೀನು ತಂದು ಅಲ್ಲೇ ಪೇರಿಸಿದರು. ಮತ್ತೆ ಚಕ್ರ.

ಅಲ್ಲಿಂದಲೇ ನೆಟ್‌ವರ್ಕಿನವನಿಗೆ ಫೋನು ಹಚ್ಚಿದೆ. "ಮೀನು ಅಡ್ಡ ಬಂದ್ರೆ ವೈಫೈ ಹೋಗ್ತದಾ?"

"ಹೋಗ್ತದೆ ಮೇಡಂ. ಮೀನು ಅಂದ್ರೆ ನೀರೇ ಅಲ್ದಾ, ನೀರು ಸಿಗ್ನಲ್ ನುಂಗ್ತದೆ. ಆದ್ರೆ ನಾ ನೋಡೂಕೆ ಬಂದಾಗ ಅಲ್ಲಿ ಮೀನೇ ಇರ್ಲಿಲ್ಲ."

ನನಗೆ ನಗು, ಸಿಟ್ಟು ಎರಡೂ ಬಂತು. ಮೀನಿನ ಶೆಡ್ಡಿಗೆ ಮೀನಿಲ್ಲದ ಕಾಲದಲ್ಲಿ ವೈಫೈ ಅಳೆಸಿದ ಜಾಣರು ನಾವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆವು.

ಅವನು ಬಂದು ಡಬ್ಬಿಯನ್ನು ಮಾಡಿನ ಕೆಳಗೆ, ಕ್ರೇಟುಗಳು ಮುಟ್ಟದ ಎತ್ತರಕ್ಕೆ ಏರಿಸಿದ. ಬಂಗಡೆಯ ರಾಶಿಯ ನಡುವೆಯೂ ತೂಕ ಹೋಯಿತು. ಕಾಯುವ ಹೆಂಗಸರಿಗೆ ಬೇರೆಯೇ ಒಂದು ವೈಫೈ ಮಾಡಿಕೊಡಬಹುದು, ನಮ್ಮದಕ್ಕೆ ತೊಂದರೆಯಿಲ್ಲ ಎಂದು ಅವನು ಹೇಳಿದ. "ಇದು ಮೀನಿನ ಶೆಡ್ಡು, ಬಸ್‌ಸ್ಟ್ಯಾಂಡ್ ಅಲ್ಲ" ಎಂದು, ನೋಡಲು ಬಂದಿದ್ದ ಸಾಹುಕಾರರು ಆ ಮಾತನ್ನು ಅಲ್ಲಿಗೇ ಮುಗಿಸಿದರು. ಆಮೇಲೆ ನನ್ನ ಕಡೆ ನೋಡದೆ, "ಆತು, ಅವಳನ್ನ ಕರ್ಕಂಡು ಬಾ. ಆದ್ರೆ ಪಾಸ್‌ವರ್ಡ್ ಕೊಟ್ಟದ್ದು ತಪ್ಪೇ ಅಲ್ದಾ?" ಅಂದರು. ಹೌದು ಅಂದೆ. ಹೌದಾ ಎಂದು ಅಕ್ಕನ ಮನೆಯ ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ.

ಅಕ್ಕ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಮೀನು ಅಡ್ಡ ಬಂದದ್ದೇ ಕಾರಣ, ನಿಮ್ಮದೇನೂ ಇಲ್ಲ ಅಂದೆ.

"ಹಂಗಾರೆ ನಾ ಮನೇಲಿ ಕೂತದ್ದು ಎಂತಕೆ?"

ನಾನು ಗಡಿಬಿಡಿಯಲ್ಲಿ ಫೋನು ತೆಗೆದೆ. "ಹೊಸಾ ಪಾಸ್‌ವರ್ಡ್ ಹೇಳ್ತೆ ಅಕ್ಕ. ಟ್ಯಾಬ್ಲೆಟ್ ಬಂದ್ ಬಿದ್ರೆ ಬೇಕಾಗ್ತದೆ."

ಅವರು ಮೀನಿನ ಕೈಯನ್ನೇ ನನ್ನ ಫೋನಿಗೆ ಅಡ್ಡ ಹಿಡಿದರು.

"ಬ್ಯಾಡ ತಂಗಿ. ಬಂದ್ ಬಿದ್ರೆ ನೀನೇ ಬಸ್ ಹತ್ತಿ ಬಾ. ನಂಗೆ ಮಾತ್ರ ಹೇಳ್ಬೇಡ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಬಹುದು. ಗೊತ್ತಿದ್ದೂ ಕೇಳ್ದವ್ರಿಗೆ ಇಲ್ಲ ಹೇಳೂಕೆ ನಂಗೆ ಬರುದಿಲ್ಲ."

ಕೈ ತೊಳೆದುಕೊಂಡು, ಬಾಗಿಲಿಗೆ ಬೀಗ ಹಾಕಿ, ಅವರು ನನಗಿಂತ ಮುಂದೆ ಶೆಡ್ಡಿನ ಕಡೆ ಹೊರಟರು.