ಮಿಸ್ಸಿಂಗ್ ಕೇಳದೆ ಬಾನೆಟ್ ಎತ್ತದ ಮೇಸ್ತ್ರಿ

ಆತನ ಬಲಗಿವಿಯ ಮೇಲೆ ಸದಾ ಒಂದು ದುಂಡನೆಯ ಕರಿ ಗುರುತು ಇರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಎಣ್ಣೆ ಹಿಡಿದ ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುವುದು ಆತನ ಪದ್ಧತಿ. ಇಂಜಿನ್ನಿನ ಅಹವಾಲನ್ನು ಅಷ್ಟು ಸಾವಧಾನವಾಗಿ ಆಲಿಸುತ್ತಿದ್ದ ಆ ಕಿವಿ, ಇಂಜಿನ್ನಿನ ಒಡೆಯ ಬಾಯಿ ತೆರೆದೊಡನೆ ಕಚೇರಿ ಮುಚ್ಚುತ್ತಿತ್ತು.

ಕೊಳ್ಳೇಗಾಲದಲ್ಲಿ ಹನೂರು ರಸ್ತೆಯ ಪಕ್ಕ ಆತನ ತಗಡಿನ ಶೆಡ್ಡು. ಹುಟ್ಟೂರು ತಮಿಳುನಾಡಿನ ಗಡಿಯ ಗೋಪಿನಾಥಂ, ಕನ್ನಡದ ಬೈಗುಳ ತೀರಿದರೆ ತಮಿಳಿನ ದಾಸ್ತಾನಿಗೆ ಕೈಹಾಕುತ್ತಿದ್ದ. ನಾನು ‘ಮೇಸ್ತ್ರಿ’ ಎನ್ನುತ್ತಿದ್ದೆ. ಆತ ‘ಗುಮಾಸ್ತ್ರೇ’ ಎನ್ನುತ್ತಿದ್ದ. ಮೂವತ್ತು ವರ್ಷ ಕಚೇರಿಯಲ್ಲಿ ಟಿಪ್ಪಣಿ ಬರೆದವನಿಗೆ ಆ ಪದದಲ್ಲಿ ಅವಮಾನವೇನೂ ಇಲ್ಲ. ಆತ ಅಂದಾಗ ಮಾತ್ರ ಇರುತ್ತಿತ್ತು. ಈ ಬರಹದಲ್ಲಿ ಆತನಿಗೆ ಬಹುವಚನ ಕೊಡಬಹುದಿತ್ತು. ಬದುಕಿದ್ದಾಗ ಮನಸ್ಸಿನಲ್ಲಿ ಕೊಡಲಿಲ್ಲ, ಈಗ ಕೊಡುವುದು ಸುಳ್ಳಾಗುತ್ತದೆ.

ನಮ್ಮ ವೈರಕ್ಕೆ ಕಾರಣ ನನ್ನ ಹಳೆಯ ಪೆಟ್ರೋಲ್ ಕಾರು. ಅದಕ್ಕೆ ಕಾರಣ ನನ್ನ ಅಕ್ಕ. ನಾವಿಬ್ಬರೂ ಲೊಕ್ಕನಹಳ್ಳಿಯ ಮನೆಯಲ್ಲಿದ್ದೇವೆ. ಅಕ್ಕನ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ ಮೇಲೆ ಮಂಗಳವಾರ, ಶುಕ್ರವಾರ ಕೊಳ್ಳೇಗಾಲಕ್ಕೆ ಡಯಾಲಿಸಿಸ್‌ಗೆ ಒಯ್ಯಬೇಕು. ಬೆಳಿಗ್ಗೆ ಏಳೂಮುಕ್ಕಾಲಿಗೆ ಆಕೆಯ ಸರದಿ. ತಪ್ಪಿದರೆ ಆ ಹಾಸಿಗೆ ಇನ್ನೊಬ್ಬರ ಪಾಲು. ಒಂದು ಸರದಿ ತಪ್ಪಿದರೆ ಕಾಲು ಊದುತ್ತಿತ್ತು. ಎರಡು ತಪ್ಪಿದರೆ ಏನೆಂದು ಡಾಕ್ಟರು ಹೇಳಿದ್ದರು. ಅದನ್ನು ಅಕ್ಕನಿಗೆ ನಾನು ಹೇಳಿರಲಿಲ್ಲ.

ಆ ಚಳಿಗಾಲದಲ್ಲಿ ಕಾರಿಗೆ ಮಿಸ್ಸಿಂಗ್ ಶುರುವಾಯಿತು. ಮನೆ ಬಿಟ್ಟಾಗಿನಿಂದ ಕಾಡಿನ ದಾರಿಯುದ್ದಕ್ಕೂ ಗಕ್ ಗಕ್ ಎಂದು ಮುಗ್ಗರಿಸುವುದು, ಹನೂರು ಬರುವಷ್ಟರಲ್ಲಿ ಸರಿಹೋಗುವುದು. ಒಂದು ದಿನ ಉಂಟು, ಒಂದು ದಿನ ಇಲ್ಲ. ಯಳಂದೂರಿನ ಒಬ್ಬ ಮೆಕ್ಯಾನಿಕ್ ಬಾನೆಟ್ ತೆಗೆದು, ಒಳಗೆ ನೋಡಿ ಭಕ್ತಿಯಿಂದ ಕೈಮುಗಿದು, ಪ್ಲಗ್ಗು, ವೈರು, ಪೆಟ್ರೋಲ್ ಪೈಪು ಎಲ್ಲ ಬದಲಾಯಿಸಿದ. ಕಾರು ಹೊಸ ಪ್ಲಗ್ಗಿನಲ್ಲಿ ಹಳೆಯ ರೀತಿಯಲ್ಲೇ ಮುಗ್ಗರಿಸಿತು.

ಆಮೇಲೆ ಈ ಮೇಸ್ತ್ರಿಯ ಬಳಿ ಹೋದೆ. ಆತ ಬಾನೆಟ್ಟನ್ನು ಮುಟ್ಟಲಿಲ್ಲ. ಕಾರಿನ ಮೈಮೇಲೆ ಕೈಯಿಟ್ಟು ಎರಡು ನಿಮಿಷ ನಿಂತ.

“ಏನ್ ಗುಮಾಸ್ತ್ರೇ, ಗಾಡಿ ಗಡಿಯಾರ ಇದ್ದಂಗದೆ. ಯಾವ ಕಾಯ್ಲೆ?”

“ಬೆಳಿಗ್ಗೆ ಮಿಸ್ಸಿಂಗ್ ಇತ್ತು ಮೇಸ್ತ್ರಿ.”

“ನಿನ್ನೆ ಕೆಮ್ಮಿದ್ದೆ ಅಂತ ಬಂದೋನಿಗೆ ನಾನ್ ಮದ್ದು ಕೊಡಾಕಿಲ್ಲ. ನನ್ ಮುಂದೆ ಕೆಮ್ಮಲಿ. ಅಲ್ಲೀಗಂಟ ಬಾನೆಟ್ ಎತ್ತಾಕಿಲ್ಲ. ಓಗಿ.”

ಇದು ಆತನ ಸಂವಿಧಾನ. ತಿದ್ದುಪಡಿಗೆ ಅವಕಾಶವಿರಲಿಲ್ಲ. ಐದು ಸಲ ಹೋದೆ. ಐದು ಸಲವೂ ಕಾರು ಆತನೆದುರು ಮದುವಣಗಿತ್ತಿಯಂತೆ ತಲೆತಗ್ಗಿಸಿ ನಿಂತಿತು. ಐದನೆಯ ಸಲ ಶೆಡ್ಡಿನಲ್ಲಿದ್ದವರೆಲ್ಲ ಕೇಳುವಂತೆ ಅಂದ: “ಗಾಡೀಗೇನೂ ಇಲ್ಲ ಕಣ್ರಪ್ಪಾ. ಓಡ್ಸೋರ ತಲೇಲಿ ಒಂದ್ ಪ್ಲಗ್ಗು ಲೂಜಾಗದೆ.” ಅವರು ನಕ್ಕರು. ಆ ನಗುವನ್ನು ನಾನು ಕ್ಷಮಿಸಿಲ್ಲ.

ಆರನೆಯದು ಬೇರೆ ತರದ್ದಾಯಿತು. ಒಂದು ಮಂಗಳವಾರ ಮಂಜು ಸುರಿಯುವ ಹೊತ್ತಿನಲ್ಲಿ ಕಾರು ಕಾಡಿನ ನಡುವೆ ಪೂರ್ತಿ ನಿಂತಿತು. ಆನೆ ದಾಟುವ ಜಾಗ. ಮುಕ್ಕಾಲು ಗಂಟೆ ಅಕ್ಕ ಕಿಟಕಿ ಮುಚ್ಚಿಕೊಂಡು ಶಿವನಾಮ ಹೇಳಿದಳು. ನಾನು ಚಾವಿ ತಿರುಗಿಸಿದೆ. ಕಡೆಗೆ ಕಾರು ಹೊರಟಿತು, ಆದರೆ ಸರದಿ ಹೋಗಿತ್ತು. ಅಕ್ಕನನ್ನು ಆಸ್ಪತ್ರೆಯಲ್ಲಿ ಕೂರಿಸಿ, ಶೆಡ್ಡಿಗೆ ಹೋಗಿ ನನ್ನ ಜೀವಮಾನದ ಸಿಟ್ಟನ್ನೆಲ್ಲ ಒಟ್ಟಿಗೆ ಖರ್ಚು ಮಾಡಿದೆ.

“ಇನ್ನೊಂದು ಸರದಿ ತಪ್ಪಿದರೆ ನನ್ನ ಅಕ್ಕ ಉಳಿಯಲ್ಲ. ನಿಮ್ಮ ಜಂಬ ಮಾತ್ರ ಉಳಿಯತ್ತೆ!”

ಆತ ಕೈ ಒರೆಸಿಕೊಂಡ. “ಅಕ್ಕಾರ್ ಇಲ್ದೆ ನೀವೊಬ್ರೇ ಓದಾಗ ಕೆಮ್ತದಾ?”

ಯೋಚಿಸಿದೆ. ಇಲ್ಲ. ಸಂತೆಗೆ, ಬ್ಯಾಂಕಿಗೆ, ಮುಂಜಾನೆ ಯಳಂದೂರಿಗೆ ಹೋದಾಗ ಒಮ್ಮೆಯೂ ಕೆಮ್ಮಿರಲಿಲ್ಲ.

“ಇದನ್ನ ಈಗ ಏಳ್ತೀರಲ್ಲಾ. ಇಷ್ಟ್ ವರ್ಷ ಏನ್ ಬರ್ದ್ರಿ ಆಪೀಸ್ನಲ್ಲಿ? ಗಾಡಿ ಸುಳ್ಳು ಏಳಾಕಿಲ್ಲ. ನೀವು ಏನೋ ಮುಚ್ಚಿಡ್ತಿದ್ದೀರ. ಸುಕ್ರವಾರ ನಾನೇ ಬತ್ತೀನಿ.”

ಗುರುವಾರ ಸಂಜೆಯ ಬಸ್ಸಿಗೆ ಬಂದ. ನಮ್ಮ ಉಪ್ಪಿಟ್ಟನ್ನು ಬೈದುಕೊಂಡೇ ಎರಡು ಸಲ ಹಾಕಿಸಿಕೊಂಡ. ಹಾಸಿಗೆ ಕೊಟ್ಟರೆ ಜಗಲಿಯೇ ಸಾಕೆಂದ, ಜಗಲಿ ಕೊಟ್ಟರೆ ಸೊಳ್ಳೆಗೆ ನನ್ನನ್ನೇ ಹೊಣೆ ಮಾಡಿದ.

ಬೆಳಿಗ್ಗೆ ಐದೂವರೆಗೆ, ಎಂದಿನಂತೆ ರೇಡಿಯೇಟರ್‌ಗೆ ನೀರು ಹಾಕಲು ಬಾನೆಟ್ ಎತ್ತಿದೆ. ಎಂದಿನಂತೆ ಅಕ್ಕ ವಿಭೂತಿ ತಟ್ಟೆ, ಪುಟ್ಟ ಗಿಂಡಿ ಹಿಡಿದು ಬಂದಳು. ಇಂಜಿನ್ನಿನ ಪಕ್ಕ, ನಾಲ್ಕು ಪ್ಲಗ್ಗಿಗೂ ಸರದಿಯಂತೆ ಕರೆಂಟ್ ಹಂಚುವ ಒಂದು ಕರಿ ಟೋಪಿ ಇರುತ್ತದೆ: ಗುಂಡಗೆ, ನುಣ್ಣಗೆ, ತಲೆಯ ಮೇಲೆ ವೈರುಗಳು ಹೆಡೆಯೆತ್ತಿದ ಹಾಗೆ. ಅಕ್ಕನ ಕಣ್ಣಿಗೆ ಅದು ಮೊದಲ ದಿನದಿಂದಲೂ ಲಿಂಗ. ತಾನು ಕಾರು ಹತ್ತುವ ದಿನ, ಹೊರಡುವ ಮುಂಚೆ ಅದರ ಮೇಲೆ ನಾಲ್ಕು ಹನಿ ನೀರು, ಮೂರು ಬೆರಳಿನ ವಿಭೂತಿ ಪಟ್ಟೆ, ಒಂದು ನಮಸ್ಕಾರ. ನಾನು ಅದನ್ನು ಪ್ರತಿ ಸಲವೂ ನೋಡುತ್ತಿದ್ದೆ. ದೂರು ಹೇಳುವಾಗ ದೇವರ ಕೆಲಸವನ್ನು ಯಾರು ಸೇರಿಸುತ್ತಾರೆ?

ಮೇಸ್ತ್ರಿ ಕಂಬದಂತೆ ನಿಂತು ನೋಡಿದ. ಪೂಜೆ ಮುಗಿದ ಮೇಲೆ “ಸ್ಟಾಟ್ ಮಾಡಿ” ಎಂದ. ಇಂಜಿನ್ ಗಕ್ ಗಕ್ ಎಂದಿತು. ಜಗಲಿಯ ಕರಿಕಂಬಳಿ ತಂದು ಬಾನೆಟ್ಟಿನ ಮೇಲೆ ಹೊದಿಸಿ, ನನ್ನನ್ನು ಕರೆದು, ಕತ್ತು ಹಿಡಿದು ಒಳಕ್ಕೆ ತಳ್ಳಿ ತಾನೂ ತಲೆ ತೂರಿಸಿದ. ಒಬ್ಬರನ್ನೊಬ್ಬರು ಕಂಡರಾಗದ ಇಬ್ಬರು ಒಂದೇ ಕಂಬಳಿಯ ಕತ್ತಲಲ್ಲಿ. ಒದ್ದೆ ವಿಭೂತಿಯ ಮೂರು ಪಟ್ಟೆಗಳ ಮೇಲೆ ನೀಲಿ ಮಿಂಚು ಎಳೆಎಳೆಯಾಗಿ ಹರಿದಾಡುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಕರೆಂಟು ದಾರಿ ತಪ್ಪಿ ಅಲ್ಲೇ ಸುತ್ತುತ್ತಿತ್ತು. ಇಂಜಿನ್ನಿನ ಶಾಖಕ್ಕೆ ಪಟ್ಟೆ ಒಣಗಿದರೆ ಆಟ ಬಂದ್. ಮಂಜಿನ ದಿನ ಒಣಗುವುದಿಲ್ಲ.

ತಲೆ ಹೊರಗೆ ತೆಗೆದಾಗ ಅಕ್ಕ ನಮ್ಮ ಮುಖ ನೋಡುತ್ತ ನಿಂತಿದ್ದಳು. ಆಕೆ ದಡ್ಡಿಯಲ್ಲ.

“ಅವತ್ತು ಕಾಡ್ನಲ್ಲಿ ನಿಂತಿದ್ದು ನನ್ನಿಂದ್ಲೇನಪ್ಪಾ?”

ನಾನು ಉತ್ತರ ಹುಡುಕುತ್ತಿದ್ದೆ. ಮೇಸ್ತ್ರಿ ಹುಡುಕಲಿಲ್ಲ.

“ನಿಮ್ಮಿಂದ ಯಾಕವ್ವಾ? ಈ ಮನ್ಸನಿಂದ! ಓದ್ಕಂಡಿರೋರು, ಪ್ರತಿ ಸಲ ಪಕ್ಕದಲ್ಲೇ ನಿಂತ್ಕಂಡು ನೋಡೌರೆ, ನನ್ ತಾವ ಒಂದ್ ಮಾತು ಏಳಿಲ್ಲ. ಐದ್ ಸಲ ಬಂದು ನನ್ ಕೆಲ್ಸ ಕೆಡ್ಸೌರೆ. ನೀವ್ ಮಾಡಿದ್ರಲ್ಲಿ ತಪ್ಪೇನದೆ? ತಪ್ಪೆಲ್ಲಾ ಇವರ್ದು.”

ಹೀಗೆ ಇನ್ನೂ ಹತ್ತು ನಿಮಿಷ. ಕಡೆಯ ಭಾಗ ತಮಿಳಿನಲ್ಲಿ. ಚೀಲದಿಂದ ಅಂಥದೇ ಬೇರೆ ಟೋಪಿ ತೆಗೆದು ಹಾಕಿ, ಹಳೆಯದನ್ನು ಒರೆಸಿ ಅಕ್ಕನ ಕೈಗಿಟ್ಟ. “ಇದನ್ನ ದೇವರ ಗೂಡ್ನಲ್ಲಿ ಮಡಿಕ್ಕಳಿ. ಎಷ್ಟ್ ನೀರಾದ್ರೂ ಉಯ್ಯಿ. ಗಾಡೀಲಿರೋದನ್ನ ಮುಟ್ಬ್ಯಾಡಿ.” ಅಕ್ಕ ಅದನ್ನು ಸೆರಗಿನಲ್ಲಿ ಹಿಡಿದುಕೊಂಡಳು. ಅಂದಿನಿಂದ ಇಂದಿನವರೆಗೆ ತಪ್ಪು ನನ್ನದೆಂದೇ ನಂಬಿದ್ದಾಳೆ. ನನ್ನನ್ನು ಆಗಾಗ ಕ್ಷಮಿಸುತ್ತಾಳೆ ಕೂಡ.

ಧನ್ಯವಾದ ಹೇಳಲು ಶೆಡ್ಡಿಗೆ ಹೋದೆ. “ಅಡ್ಡ ನಿಂತ್ಕಬ್ಯಾಡಿ, ಬೆಳಕಿಗೆ ಮರೆಯಾಯ್ತದೆ” ಎಂದ. ಆಮೇಲೂ ಹೋದಾಗಲೆಲ್ಲ ಜಗಳವಾಡಿದೆವು. ಆತನ ಮಾತು ನನಗೆ ಒಮ್ಮೆಯೂ ಹಿಡಿಸಲಿಲ್ಲ. ಆದರೆ ಆ ಬೆಳಿಗ್ಗೆ ನಾನು ಎಷ್ಟು ಮೃದುವಾದ ಮಾತು ಹುಡುಕಿದ್ದರೂ ಅಕ್ಕನ ತಲೆಯ ಮೇಲಿಂದ ಆ ಹೊರೆ ಇಳಿಯುತ್ತಿರಲಿಲ್ಲ. ಆತ ಎತ್ತಿ ನನ್ನ ತಲೆಯ ಮೇಲೆ ಹೊರಿಸಿದ. ಅದು ಇರಬೇಕಾದ ಜಾಗವೂ ಅದೇ.

ಹೋದ ವರ್ಷ ಒಂದು ಶುಕ್ರವಾರ ನಸುಕಿನಲ್ಲಿ, ಶೆಡ್ಡಿನ ಪಕ್ಕದ ಟೀ ಅಂಗಡಿಯವನು ಫೋನ್ ಮಾಡಿದ. ರಾತ್ರಿ ಮೇಸ್ತ್ರಿ ಎದೆನೋವಿನಿಂದ ಹೋಗಿಬಿಟ್ಟನಂತೆ. ದೇಹವನ್ನು ಗೋಪಿನಾಥಂಗೆ ಒಯ್ದಾಗಿದೆ, ಹತ್ತು ಗಂಟೆಗೆ ಮಣ್ಣು. ಎಂದಿನಂತೆ ಡಯಾಲಿಸಿಸ್‌ಗೆ ಹೊರಟೆವು. ಹನೂರಿನಲ್ಲಿ ಗೋಪಿನಾಥಂ ಕಡೆಗೆ ದಾರಿ ಕವಲಾಗುವಲ್ಲಿ ಅಕ್ಕ ನನ್ನ ತೋಳು ಹಿಡಿದಳು.

“ರಾಮಾಪುರದ ಕಡೀಕೆ ತಿರುಗ್ಸೋ. ಒಂದ್ ಸರದಿ ತಪ್ಪಿದ್ರೆ ನಾನೇನ್ ಸಾಯಾಕಿಲ್ಲ. ಮುಖ ನೋಡ್ಕಂಡ್ ಬರಾನ.”

ಕಾರು ನಿಲ್ಲಿಸಿದೆ. ಇಂಜಿನ್ ಸದ್ದಿಲ್ಲದೆ ಓಡುತ್ತಿತ್ತು. ತನ್ನ ಮಣ್ಣಿಗೆಂದು ಅಕ್ಕನ ಸರದಿ ತಪ್ಪಿಸಿದೆನೆಂದು ತಿಳಿದರೆ ಆತ ಹೊದಿಸಿದ ಬಟ್ಟೆ ಸರಿಸಿ ಎದ್ದು ಕೂತು ಬೈಯುತ್ತಿದ್ದ.

ಕೊಳ್ಳೇಗಾಲದ ಕಡೆಗೆ ತಿರುಗಿಸಿದೆ. ಅಕ್ಕ ನನ್ನ ತೋಳು ಬಿಟ್ಟಳು. ಏಳು ಗಂಟೆಗೆ ಆಸ್ಪತ್ರೆಯ ಬಾಗಿಲಲ್ಲಿದ್ದೆವು. ಆ ದಿನ ಎಲ್ಲರಿಗಿಂತ ಮೊದಲು ಬಂದವರು ನಾವೇ.