ಕಾಶಪ್ಪನ ಸೀಡಿ ಕಾದಂಬರಿ

ಇಳಕಲ್ಲಿನ ಕಾಶಪ್ಪ ತಾನೇ ಬರೆದು, ತಾನೇ ಅಚ್ಚು ಹಾಕಿಸಿ, ತಾನೇ ಬಸ್ಸಿನಲ್ಲಿ ಹೊತ್ತೊಯ್ದು ಮಾರುವ ಪ್ರಕಾಶಕ. ಬೇರೆಯವರ ಪುಸ್ತಕವನ್ನು ಅವನು ಪ್ರಕಟಿಸಿದ್ದೇ ಇಲ್ಲ. ತನ್ನಷ್ಟು ಚೆನ್ನಾಗಿ ಬರೆಯುವವರು ಸಿಕ್ಕಿರಲಿಲ್ಲವಂತೆ.

2005ರಲ್ಲಿ ವಿದ್ಯಾಗಿರಿಯ ಕಾಲೇಜೊಂದರ ವಿಚಾರ ಸಂಕಿರಣಕ್ಕೆ, ಅದರಲ್ಲೂ ಮಧ್ಯಾಹ್ನದ ಊಟಕ್ಕೆ, ಹೋಗಿದ್ದ. ಕಾಗದದ ಪುಸ್ತಕದ ಆಯುಸ್ಸು ಮುಗಿಯಿತು, ಇನ್ನು ಎಲ್ಲರೂ ಕಂಪ್ಯೂಟರಿನಲ್ಲೇ ಓದುತ್ತಾರೆ ಎಂದು ಭಾಷಣಕಾರರೊಬ್ಬರು ಗುಡುಗಿದರು. ಅಂದು ಕಾಶಪ್ಪನಿಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಮನೆಗೆ ಬಂದವನೇ ಹೆಂಡತಿ ನೇತ್ರಾಗೆ ಹೇಳಿದ: "ಹಾಳಿ ಕತಿ ಮುಗೀತು. ಹೊಸಾ ಕಾದಂಬರಿ ಸೀಡಿಯೊಳಗ ತರ್ತೇನಿ."

"ನಮ್ಮ ಓಣ್ಯಾಗ ಯಾರ ಮನ್ಯಾಗ ಕಂಪ್ಯೂಟರ್ ಅದಾವರಿ?"

"ಬರ್ತಾವ. ಬರೂದ್ರಾಗ ನಾವು ತಯಾರಿರಬೇಕು."

'ಅತ್ತೆಯ ಸೊಂಟದ ಕೀಲಿ' ಕಾದಂಬರಿಯ ಸೀಡಿ ಹುನಗುಂದದಲ್ಲಿ ಬಿಡುಗಡೆಯಾಯಿತು. ಮೊದಲ ಪುಟ ಓದಬೇಕಿದ್ದ ನಿವೃತ್ತ ಹೆಡ್‌ಮಾಸ್ತರ ಸಂಗಯ್ಯನವರು ಕನ್ನಡಕ ಒರೆಸಿಕೊಂಡು ವೇದಿಕೆಯ ಕಂಪ್ಯೂಟರಿನ ಪರದೆಯತ್ತ ತಿರುಗಿದರು. ಅಲ್ಲಿ ಒಂದೂ ಕನ್ನಡ ಅಕ್ಷರವಿರಲಿಲ್ಲ. ಬರೀ ಚೌಕ, ಕೊಕ್ಕೆ, ಪ್ರಶ್ನೆಚಿಹ್ನೆ. ಕಾದಂಬರಿ ಬೆರಳಚ್ಚಾದ ಫಾಂಟು ಈ ಕಂಪ್ಯೂಟರಿನಲ್ಲಿ ಇರಲೇ ಇಲ್ಲ.

ಸಂಗಯ್ಯನವರು ಎದೆಗುಂದಲಿಲ್ಲ. "ನವ್ಯ ಸಾಹಿತ್ಯ ಅಂದ್ರ ಹಿಂಗರಿ," ಎಂದರು ಗಂಭೀರವಾಗಿ, "ಒಮ್ಮಿಗೇ ತಿಳಿಯೂದಿಲ್ಲ." ಸಭೆ ಚಪ್ಪಾಳೆ ತಟ್ಟಿತು. ಕಾಶಪ್ಪನಿಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು.

ಮರುದಿನ ಪಕ್ಕದ ಓಣಿಯ ನೇಕಾರ್ತಿ ಸಿದ್ದವ್ವ ಸೀಡಿ ಹಿಡಿದು ಬಾಗಿಲಿಗೆ ಬಂದಳು.

"ಕಾಶಪ್ಪಣ್ಣ, ಟಿವಿಗೆ ಹಚ್ಚಿದ್ರ ನಿಮ್ಮ ಕಾದಂಬರಿ ಅತ್ತಿ ಬಾಯಿನ ಬಿಡವಲ್ಲಳು!"

"ಅದು ಓದೂದವಾ, ಕೇಳೂದಲ್ಲ."

"ಮಗ್ಗದಾಗ ಕುಂತಾಕಿಗೆ ಕಣ್ಣು ಕೈ ಎರಡೂ ಖಾಲಿ ಇರೂದಿಲ್ರಿ. ಕಿವಿ ಅಷ್ಟ ಖಾಲಿ."

ಕಾಶಪ್ಪ ತಲೆ ಕೆರೆದುಕೊಂಡ. ಒಳಗಿನಿಂದ ನೇತ್ರಾ ನಕ್ಕಳು. ಅವನ ಕರಡುಗಳನ್ನೆಲ್ಲ ಗಟ್ಟಿಯಾಗಿ ಓದಿ ತಿದ್ದುತ್ತಿದ್ದವಳು ಅವಳೇ. ಅತ್ತೆಯ ಮಾತು ಬಂದಾಗಲಂತೂ ಥೇಟ್ ತನ್ನ ಅತ್ತೆಯ ದನಿಯನ್ನೇ ಎಳೆದು ತರುತ್ತಿದ್ದಳು. ಎರಡು ವಾರ ಕಂಪ್ಯೂಟರ್ ಅಂಗಡಿಯ ಶ್ರೀಧರನ ಮೈಕಿನ ಮುಂದೆ ಕುಳಿತು ಇಡೀ ಕಾದಂಬರಿ ಓದಿ ಮುಗಿಸಿದಳು.

ಅವಳ ದನಿಯ ಈ ಹೊಸ ಸೀಡಿ ಓಣಿಯಿಂದ ಓಣಿಗೆ ಓಡಿತು. ಗುಂಡಿಮಗ್ಗಗಳ ಪಕ್ಕದಲ್ಲಿ ಅತ್ತೆ ಬೈಯತೊಡಗಿದಳು, ಸೊಸೆಯಂದಿರು ಲಾಳಿ ಹಿಡಿದೇ ನಕ್ಕರು. ಕಾಶಪ್ಪ ಬೀಗುತ್ತ ಸಿದ್ದವ್ವನ ಮನೆಗೆ ಹೋಗಿ ಕುಳಿತ. ಕೊನೆಯ ಅಧ್ಯಾಯ ಕೇಳುತ್ತಿದ್ದಂತೆ ಮುಖ ಕಪ್ಪಿಟ್ಟಿತು. ಅವನು ಬರೆದದ್ದರಲ್ಲಿ ಸೊಸೆ ಅತ್ತೆಯ ಕಾಲಿಗೆ ಬಿದ್ದು ಅಳುತ್ತಿದ್ದಳು. ಇಲ್ಲಿ ಕೀಲಿ ಕಿತ್ತುಕೊಂಡು, ಉಗ್ರಾಣ ತೆಗೆದು, ಇಬ್ಬರಿಗೂ ಚಹಾ ಕಾಸುತ್ತಿದ್ದಳು.

"ನನ್ನ ಕತಿ ಯಾಕ ಕೆಡಿಸಿದಿ?" ಮನೆಗೆ ಬಂದು ಕೂಗಾಡಿದ.

"ಅಷ್ಟು ಅಳೂದು ಓದಿ ಓದಿ ಗಂಟಲ ಕಟ್ಟಿತ್ರಿ," ಎಂದಳು ನೇತ್ರಾ. "ಚಹಾ ಕುಡೀಬೇಕಂತ ಅನಿಸ್ತು."

ಎರಡು ದಿನದಲ್ಲಿ ಬಾದಾಮಿಯ ಪುಸ್ತಕದಂಗಡಿಯವನು ಫೋನು ಮಾಡಿದ: ಸೀಡಿ ಕೇಳಿದವರೆಲ್ಲ ಪುಸ್ತಕ ಕೇಳುತ್ತಿದ್ದಾರೆ, ಆದರೆ ಚಹಾ ಕಾಸುವ ಪುಸ್ತಕವೇ ಬೇಕಂತೆ. ಕಾಶಪ್ಪ ಹಲ್ಲು ಕಚ್ಚಿ ಕೊನೆಯ ಅಧ್ಯಾಯ ತಿದ್ದಿ ಕಾದಂಬರಿಯನ್ನು ಕಾಗದದಲ್ಲೇ ಅಚ್ಚು ಹಾಕಿಸಿದ, ಮುಖಪುಟದಲ್ಲಿ ನೇತ್ರಾಳ ಹೆಸರನ್ನೂ ಸೇರಿಸಿದ. ತನ್ನದಕ್ಕಿಂತ ಒಂದಿಷ್ಟು ಸಣ್ಣ ಅಕ್ಷರದಲ್ಲಿ.